ಮೂರನೆಯ ಮಹಡಿಯ ಹ್ಮಾಂಗ್ ಪಾಠ

ಫುಟ್‌ಪಾತಿನ ಮೇಲೆ

ಲಂಡನ್ನಿಗೆ ಹೋಗಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ನಾಲ್ಕು ಮಹಡಿಯ ಒಂದು ಕಟ್ಟಡವನ್ನು ಪೂರ್ತಿ ಖಾಲಿ ಮಾಡಿಸಿದ್ದು. ಮಗಳು ಸುಧಾಳ ಬಾಣಂತನಕ್ಕೆಂದು ಧಾರವಾಡದಿಂದ ಕೊಲಿಂಡೇಲಿಗೆ ಬಂದು ಇನ್ನೂ ಮೂರು ವಾರವಾಗಿರಲಿಲ್ಲ. ಕೂಸು ಹುಟ್ಟಿ ಹನ್ನೆರಡು ದಿನ. ಎಣ್ಣೆ-ನೀರು ಆದಮೇಲೆ ಬಾಣಂತಿಗೂ ಕೂಸಿಗೂ ಲೋಬಾನದ ಹೊಗೆ ಹಾಕದೆ ಬಿಡುವುದು ನನ್ನಿಂದಾಗದ ಮಾತು. ಗ್ಯಾಸಿನ ಮೇಲೆ ತೆಂಗಿನ ಕರಟ ಸುಟ್ಟು ಕೆಂಡ ಮಾಡಿ, ಲೋಬಾನ, ಅಜವಾನ, ಬೆಳ್ಳುಳ್ಳಿ ಸಿಪ್ಪೆ ಉದುರಿಸಿದೆ. ಹೊಗೆ ಘಮಘಮಿಸುತ್ತ ಎದ್ದಿತು. ಅದರ ಬೆನ್ನಿಗೇ ಸೂರಿನಲ್ಲಿದ್ದ ಬಿಳಿಯ ಗುಂಡನೆಯ ಡಬ್ಬಿ ಕಿರುಚತೊಡಗಿತು. ಆಮೇಲೆ ಮೆಟ್ಟಿಲ ಬಳಿಯದು, ಆಮೇಲೆ ಇಡೀ ಕಟ್ಟಡ.

ಐದೇ ನಿಮಿಷದಲ್ಲಿ ಎಲ್ಲರೂ ಫುಟ್‌ಪಾತಿನ ಮೇಲಿದ್ದರು. ನಮ್ಮೂರಲ್ಲಾಗಿದ್ದರೆ ಓಡುವವರು, ಕೂಗುವವರು, ಯಾರ ಮನೆಯದು ಎಂದು ಒಳಗೇ ನುಗ್ಗಿ ನೋಡುವವರು ಇರುತ್ತಿದ್ದರು. ಇಲ್ಲಿಯವರು ಬೆಂಕಿಗೂ ಸಾಲಾಗಿ ನಿಂತಿದ್ದರು. ಒಬ್ಬರ ಕೈಯಲ್ಲಿ ಅರ್ಧ ಕುಡಿದ ಚಹಾದ ಮಗ್ ಬೇರೆ. ಅಗ್ನಿಶಾಮಕದವರು ಬಂದು ಯಾರ ಫ್ಲ್ಯಾಟಿನಲ್ಲಿ ಏನಾಯಿತೆಂದು ಕೇಳಿದಾಗ ನಾನು ಪ್ರಾಮಾಣಿಕವಾಗಿ ಕೈ ಎತ್ತಲು ಹೋದೆ. ಅಳಿಯ ಪ್ರಸಾದ್ ಮೈಸೂರಿನವರು, ಆಸ್ಪತ್ರೆಯಲ್ಲಿ ಡಾಕ್ಟರು, ಮರ್ಯಾದೆಗೆ ಬಹಳ ಅಂಜುವವರು.

‘ಅತ್ತೆ, ನೀವು ಸುಮ್ನಿರಿ. ಟೋಸ್ಟ್ ಸೀದುಹೋಯ್ತು ಅಂತ ಹೇಳಿದೀನಿ’ ಎಂದು ಪಿಸುಗುಟ್ಟಿದರು.

ಲಂಡನ್ನಿನಲ್ಲಿ ಹೊಗೆ ಎದ್ದರೆ ಅದು ಟೋಸ್ಟೇ ಆಗಿರಬೇಕೆಂಬ ನಿಯಮ ಇದ್ದಂತಿದೆ. ಅಗ್ನಿಶಾಮಕದವರು ತಲೆಯಾಡಿಸಿ ಬರೆದುಕೊಂಡರು. ಲೋಬಾನದ ವಾಸನೆ ಬೀದಿಯ ತುದಿಯವರೆಗೂ ಹೊಡೆಯುತ್ತಿತ್ತು.

ಆ ಗುಂಪಿನಲ್ಲಿ ಕಿವಿ ಮುಚ್ಚಿ ಸ್ಕಾರ್ಫ್ ಕಟ್ಟಿ, ಕಾಲುಚೀಲ ಹಾಕಿ, ಶಾಲು ಹೊದ್ದು ನಿಂತ ಹೆಂಗಸರು ಇಬ್ಬರೇ ಇಬ್ಬರು. ಒಬ್ಬಳು ನನ್ನ ಮಗಳು. ಇನ್ನೊಬ್ಬಳು ದುಂಡು ಮುಖದ, ಸಣ್ಣ ಕಣ್ಣಿನ ಒಬ್ಬ ಹುಡುಗಿ. ಅವಳ ಪಕ್ಕದಲ್ಲಿ ನನ್ನ ಭುಜದಷ್ಟೇ ಎತ್ತರದ ಒಬ್ಬ ಮುದುಕಿ, ಎಳೆಗೂಸನ್ನು ಎದೆಗೆ ಕಟ್ಟಿಕೊಂಡು, ಈ ಚಳಿಗೆ ನಮ್ಮನ್ನು ಹೊರಗೆ ತಂದವರು ಯಾರೆಂಬಂತೆ ಎಲ್ಲರನ್ನೂ ದುರುಗುಟ್ಟಿ ನೋಡುತ್ತಿದ್ದರು. ಸುಧಾಳ ಸ್ಕಾರ್ಫಿನ ಮೇಲೆ ಅವರ ಕಣ್ಣು ಬಿತ್ತು. ಆಮೇಲೆ ನನ್ನ ಕಡೆ ನೋಡಿ ಗದ್ದ ಒಮ್ಮೆ ಮೇಲೆತ್ತಿದರು. ನಾನೂ ಎತ್ತಿದೆ. ಲಂಡನ್ನಿನಲ್ಲಿ ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಪರಿಚಯದವರು ಸಿಕ್ಕ ಹಾಗಾಯಿತು.

ಲಿಫ್ಟಿನಲ್ಲಿ

ಹಿಂತಿರುಗುವಾಗ ಒಂದೇ ಲಿಫ್ಟು. ಹುಡುಗಿಯ ಹೆಸರು ಮಾಯ್. ಲಾವೋಸ್ ದೇಶದ ಗುಡ್ಡಗಾಡಿನ ಹ್ಮಾಂಗ್ ಜನ ಅವರು. ಅವಳು ಬೆಳೆದದ್ದು ಫ್ರಾನ್ಸಿನಲ್ಲಿ, ಮದುವೆಯಾದದ್ದು ಒಬ್ಬ ಇಂಗ್ಲಿಷಿನವನನ್ನು. ತಾಯಿ ಬಾಣಂತನಕ್ಕೆಂದು ಫ್ರಾನ್ಸಿನಿಂದ ಬಂದು ಇನ್ನು ಇಲ್ಲೇ ಇರುವವರಿದ್ದರು. ಇಂಗ್ಲಿಷ್ ಬರುವುದಿಲ್ಲ, ಫ್ರೆಂಚೂ ಅಷ್ಟಕ್ಕಷ್ಟೆ. ಇಡೀ ಲಂಡನ್ನಿನಲ್ಲಿ ತಾಯಿಯ ಜೊತೆ ಮಾತಾಡಬಲ್ಲವಳು ತಾನೊಬ್ಬಳೇ ಎಂದು ಮಾಯ್ ಇಂಗ್ಲಿಷಿನಲ್ಲಿ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಸುಧಾ ಮಲಗಿ, ಪ್ರಸಾದ್ ಡ್ಯೂಟಿಗೆ ಹೋದಮೇಲೆ ನಾನೂ ಗೋಡೆಯ ಮುಂದೆಯೇ ಮಾತಾಡುತ್ತಿದ್ದೆ. ಆಗಿನ್ನೂ ಫೋನ್ ಕಾರ್ಡು ಗೀಚಿ, ಉದ್ದನೆಯ ನಂಬರು ಒತ್ತಿ ಊರಿಗೆ ಮಾತಾಡುವ ಕಾಲ. ಮಾತು ಕುದುರುವಷ್ಟರಲ್ಲಿ ಕಾರ್ಡು ಮುಗಿಯುತ್ತಿತ್ತು.

ತಾಯಿಯನ್ನು ಏನೆಂದು ಕರೆಯಲಿ ಎಂದು ಕೇಳಿದೆ. ಮಗಳ ಮಗುವಿಗೆ ಅಜ್ಜಿಯಾದವಳು ‘ನಿಯಾ ತಾಯ್’ ಎಂದಳು ಮಾಯ್. ಹಾಗಾದರೆ ನಾನೂ ನಿಯಾ ತಾಯ್ ಆದೆನಲ್ಲ ಎಂದೆ. ಮಾಯ್ ಅದನ್ನು ಅನುವಾದ ಮಾಡಿದೊಡನೆ ಮುದುಕಿಯ ಮುಖದ ಸಿಟ್ಟು ಕರಗಿತು. ಎರಡನೇ ಮಹಡಿಯಲ್ಲಿ ನಾನು ಇಳಿಯುವ ಮೊದಲು ನಾಳೆ ಮೇಲೆ ಬರಬೇಕೆಂಬ ಅಪ್ಪಣೆಯಾಗಿತ್ತು.

ಮೂರನೆಯ ಮಹಡಿ

ನಾನು ಮೂವತ್ತು ವರ್ಷ ಒಂದನೇ ಇಯತ್ತೆಗೆ ಅಕ್ಷರ ಕಲಿಸಿದವಳು. ಒಂದು ಭಾಷೆ ಕಲಿಯುವುದು ನನಗೇನು ಮಹಾ ಎಂದು ನೋಟ್‌ಬುಕ್ಕು, ಪೆನ್ಸಿಲು ಹಿಡಿದುಕೊಂಡೇ ಹೋದೆ. ಚಪ್ಪಲಿ ಹೊರಗೆ ಬಿಟ್ಟದ್ದಕ್ಕೆ ಮೊದಲ ಅಂಕ ಸಿಕ್ಕಿತು. ಒಳಗೆ ಬಾಣಂತಿಯ ಕೋಣೆ ನಮ್ಮದರ ಹಾಗೆಯೇ ಬೆಚ್ಚಗಿತ್ತು. ತಣ್ಣೀರು ಮುಟ್ಟುವಂತಿಲ್ಲ, ಗಾಳಿಗೆ ಹೋಗುವಂತಿಲ್ಲ, ಒಂದು ತಿಂಗಳು ಬಿಸಿ ಅನ್ನ ಮತ್ತು ಸೊಪ್ಪುಗಳ ಜೊತೆ ಕುದಿಸಿದ ಕೋಳಿಯ ರಸ, ಅದೂ ಹೊತ್ತಿಗೆ ಸರಿಯಾಗಿ. ಕೋಳಿಯೊಂದನ್ನು ಬಿಟ್ಟರೆ ಎಲ್ಲ ಧಾರವಾಡವೇ. ನಾನು ಮಾಂಸ ತಿನ್ನುವವಳಲ್ಲ ಎಂದು ಮಾಯ್ ಹೇಳಿದಾಗ ನಿಯಾ ತಾಯ್ ನನ್ನನ್ನು ಆಸ್ಪತ್ರೆಯಿಂದ ಎದ್ದು ಬಂದವಳನ್ನು ನೋಡುವಂತೆ ನೋಡಿ, ಒಂದು ಬಟ್ಟಲು ಅನ್ನ, ಬೇಯಿಸಿದ ಸಾಸಿವೆ ಸೊಪ್ಪು ಮುಂದಿಟ್ಟರು.

ಮೊದಲ ಪಾಠ ನಮಸ್ಕಾರದ್ದು: ‘ಞೋ ಝೋಂಗ್.’ ಕನ್ನಡದಲ್ಲಿ ಬರೆದುಕೊಳ್ಳುತ್ತ ನನ್ನ ಕೈ ನಿಂತುಬಿಟ್ಟಿತು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ‘ಞ’ ಬರೆದಿದ್ದೇನೆ. ಗೋಡೆಯ ಚಿತ್ರಪಟದಲ್ಲಿ ಆನೆಗೆ ಆನೆ ಇತ್ತು, ಇಲಿಗೆ ಇಲಿ ಇತ್ತು, ಈ ಅಕ್ಷರದ ಮುಂದೆ ಖಾಲಿ ಚೌಕ. ಇದು ಎಲ್ಲಿ ಬರತೈತ್ರಿ ಟೀಚರ್ ಎಂದು ಯಾರಾದರೂ ಕೇಳಿದರೆ, ಇರತೈತಿ, ಸುಮ್ನ ಬರಿ ಎಂದು ಗದರುತ್ತಿದ್ದೆ. ಅದು ಇಷ್ಟು ವರ್ಷ ಇಲ್ಲಿ, ಕೊಲಿಂಡೇಲಿನ ಮೂರನೆಯ ಮಹಡಿಯಲ್ಲಿ ನನಗಾಗಿ ಕಾದು ಕುಳಿತಿತ್ತು. ಆ ಮಕ್ಕಳನ್ನೆಲ್ಲ ಮತ್ತೆ ಕೂಡಿಸಿ ಹೇಳಬೇಕೆನ್ನಿಸಿತು.

ನನ್ನ ಜಂಬ ಅಲ್ಲಿಗೇ ಮುಗಿಯಿತು. ಹ್ಮಾಂಗ್ ಭಾಷೆಯ ಮಾತು ಹಾಡಿನ ಹಾಗೆ ಏರಿಳಿಯುತ್ತದೆ; ಏರಿಳಿತ ತಪ್ಪಿದರೆ ಮಾತೇ ತಪ್ಪುತ್ತದೆ. ಸರಿಗಮದಲ್ಲಿ ಏಳಾದರೆ ಇವರಿಗೆ ಎಂಟು. ಇಷ್ಟೊಂದು ಅಕ್ಷರಗಳ ನಮ್ಮ ಲಿಪಿಯಲ್ಲಿ ಇದಕ್ಕೆ ಒಂದು ಚುಕ್ಕೆಯ ಏರ್ಪಾಡೂ ಇಲ್ಲ. ಅಕ್ಷರಗಳ ತಲೆಯ ಮೇಲೆ ಬಾಣ ಹಾಕಿದೆ, ಬಾಲ ಹಾಕಿದೆ; ನೋಟ್‌ಬುಕ್ಕು ಪಂಚಾಂಗದ ಹಾಗಾಯಿತು, ನಾಲಿಗೆ ಮಾತ್ರ ಬಗ್ಗಲಿಲ್ಲ. ಮಾಯ್ ಇಂಗ್ಲಿಷ್ ಅಕ್ಷರದಲ್ಲಿ ಅಚ್ಚಾದ ಒಂದು ಪುಸ್ತಕ ಕೊಟ್ಟಳು. ಅದರಲ್ಲಿ ಪದದ ಕೊನೆಯ ಅಕ್ಷರವನ್ನು ಉಚ್ಚರಿಸುವಂತಿಲ್ಲ, ಅದು ಬರೀ ಏರಿಳಿತದ ಗುರುತು. ಬರೆದದ್ದನ್ನೆಲ್ಲ ಓದಿಸಿಯೇ ಅನ್ನ ತಿಂದವಳು ನಾನು, ಪುಸ್ತಕ ಮುಚ್ಚಿಟ್ಟೆ.

ಓದು ಬರಹ ಬಾರದ ನಿಯಾ ತಾಯ್ ನನಗಿಂತ ಒಳ್ಳೆಯ ಟೀಚರು. ನನ್ನ ಗದ್ದದ ಕೆಳಗೆ ಒಂದು ಬೆರಳಿಟ್ಟು, ಸ್ವರ ಏರಬೇಕಾದಲ್ಲಿ ಎತ್ತುತ್ತಿದ್ದರು, ಇಳಿಯಬೇಕಾದಲ್ಲಿ ಬಿಡುತ್ತಿದ್ದರು. ಸರಿ ಬರುವ ತನಕ ಬೆರಳು ತೆಗೆಯುತ್ತಿರಲಿಲ್ಲ. ಹೀಗೆ ಒಂದರಿಂದ ಹತ್ತು ಬಂತು. ಊಟವಾಯಿತೇ ಎಂದು ಕೇಳುವುದು ಬಂತು. ಅವರಲ್ಲೂ ಮಾತು ಶುರುವಾಗುವುದು ಅಲ್ಲಿಂದಲೇ. ‘ಹ್ಮಾಂಗ್’ ಎನ್ನುವಾಗ ಮೊದಲ ಉಸಿರು ಮೂಗಿನಿಂದ ಬರಬೇಕೆಂದು ತಿಳಿಯಲು ಮಾತ್ರ ಎರಡು ದಿನ ಹಿಡಿಯಿತು. ಎರಡೂ ಕೂಸುಗಳಿಗೆ ಅದು ಬಹಳ ತಮಾಷೆಯೆನ್ನಿಸಿರಬೇಕು. ನಾನು ಮೂಗಿನಿಂದ ಊದಿದರೆ ಅಳು ನಿಲ್ಲಿಸುತ್ತಿದ್ದವು.

ಮೊದಲ ದಿನವೇ ನಾನು ಮಾಯ್‌ಳಿಂದ ಕೇಳಿ ಕಲಿತ ಇನ್ನೊಂದು ವಾಕ್ಯವಿತ್ತು, ಹೋಗಿ ಬರುತ್ತೇನೆ ಎನ್ನುವುದು. ಅದರಲ್ಲಿ ನಮ್ಮ ‘ಟ’ ಕೂಡ ಇದ್ದುದರಿಂದ ಬೇಗ ನಾಲಿಗೆಗೆ ಹತ್ತಿತು. ಸಂಜೆ ನಾಲ್ಕಕ್ಕೆ ಏಳುವಾಗ ದಿನವೂ ಅದನ್ನು ಏರಿಳಿತ ಸಮೇತ ಹೇಳಿ, ಶಹಭಾಸ್ ಎನ್ನಿಸಿಕೊಂಡು, ಕೆಳಗಿಳಿದು ಬಂದು ಸುಧಾಳಿಗೆ ಮೆಣಸಿನ ಸಾರು ಕುದಿಯಲು ಇಡುತ್ತಿದ್ದೆ.

ನಮ್ಮ ಬಾಗಿಲ ಹೊರಗೆ

ಒಂಬತ್ತನೆಯ ದಿನ ಬೆಳಗ್ಗೆ ಮಾಯ್ ನಮ್ಮ ಬಾಗಿಲು ತಟ್ಟಿದಳು. ನನಗೆ ಖುಷಿಯೋ ಖುಷಿ. ಬಾ ಎಂದೆ. ಬರಲಿಲ್ಲ. ಚಹಾ ಇಟ್ಟೆ ಎಂದೆ. ಹೊಸ್ತಿಲಿಗೆ ಒಂದು ಗೇಣು ದೂರ ನಿಂತು, ಬೇಡ, ಬರುವಂತಿಲ್ಲ ಎಂದಳು. ಕುಂಕುಮವನ್ನಾದರೂ ಹಚ್ಚಿಕೋ ಎಂದು ಕರಡಿಗೆ ತಂದೆ. ಅವಳು ಇನ್ನೊಂದು ಹೆಜ್ಜೆ ಹಿಂದೆ ಸರಿದಳು. ಎಂಟು ದಿನ ಅವರ ಮನೆಯಲ್ಲಿ ಉಂಡವಳು ನಾನು, ನಮ್ಮ ಮನೆಯ ಚಹಾ ಆಗದೇ ಎಂದು ನನ್ನ ಮೂಗಿನ ತುದಿ ಕೆಂಪಾಯಿತು. ‘ಆಕಿಗೆ ನಮ್ಮನಿ ಬ್ಯಾಡಾತು, ಬಿಡು’ ಎಂದು ಒಳಗೆ ಕೇಳುವಂತೆ ಕನ್ನಡದಲ್ಲಿ ಸುಧಾಳಿಗೆ ಹೇಳಿಯೂ ಬಿಟ್ಟೆ.

ಮಾಯ್ ಕಷ್ಟಪಟ್ಟು ವಿವರಿಸಿದಳು. ಹೆತ್ತ ಒಂದು ತಿಂಗಳು ಮುಗಿಯುವವರೆಗೆ ಬಾಣಂತಿ ಇನ್ನೊಬ್ಬರ ಮನೆಯ ಹೊಸ್ತಿಲು ದಾಟುವಂತಿಲ್ಲ. ಕೇಡು ತನಗಲ್ಲ, ಆ ಮನೆಗೆ. ತಾನು ಅದನ್ನು ನಂಬುವುದು ಅರ್ಧ, ತಾಯಿ ನಂಬುವುದು ಪೂರ್ತಿ. ಮೈಲಿಗೆ-ಮಡಿ ನೋಡಿ ಬೆಳೆದ ನನಗೆ ಇದು ತಿಳಿಯಲು ಎರಡನೇ ಮಾತು ಬೇಕಾಗಲಿಲ್ಲ. ಕರಡಿಗೆಯನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡೆ.

ಆದರೆ ಅವಳು ಬಂದದ್ದು ಬೇರೆಯದೇ ಮಾತಿಗೆ. ‘ನೀವು ದಿನಾ ಬರುತ್ತೇನೆ ಅಂತ ಹೇಳಿ ಹೋಗುತ್ತೀರಿ, ಅವತ್ತು ಮತ್ತೆ ಬರುವುದಿಲ್ಲ. ಅಮ್ಮ ನಿಮ್ಮ ಬಟ್ಟಲು ಇಟ್ಟುಕೊಂಡು ಕಾಯುತ್ತಾರೆ. ನೀವು ಬರುವ ತನಕ ಯಾರೂ ಊಟಕ್ಕೆ ಕೂರುವಂತಿಲ್ಲ’ ಎಂದಳು.

ಎಂಟು ದಿನ. ಆರು ಗಂಟೆಗೆ ಬಿಸಿಯಾಗಿ ಹೊಟ್ಟೆಗೆ ಹೋಗಬೇಕಾದ ಬಾಣಂತಿಯ ರಸವನ್ನು ಏಳಕ್ಕೊಮ್ಮೆ, ಎಂಟಕ್ಕೊಮ್ಮೆ ಮತ್ತೆ ಕಾಯಿಸಿದ್ದಾರೆ. ಮಾಯ್‌ಳ ಗಂಡ ಹಸಿವು ತಡೆಯಲಾರದೆ ಕೆಲಸದಿಂದ ಬರುವಾಗಲೇ ಮೆಟ್ಟಿಲ ಮೇಲೆ ಕುಳಿತು ಸ್ಯಾಂಡ್‌ವಿಚ್ ತಿಂದು ಮೇಲೆ ಹೋಗುತ್ತಿದ್ದನಂತೆ. ಒಬ್ಬ ಬಾಣಂತಿಯನ್ನು ಎಂಟು ದಿನ ಹೊತ್ತು ಮೀರಿಸಿ ಉಣ್ಣಿಸಿದವಳು ನಾನು, ಅದೂ ಮರ್ಯಾದೆಯ ಮಾತಾಡಿ. ಲೋಬಾನದ ಹೊಗೆಗೆ ಆಗದ ನಾಚಿಕೆ ಆಗ ಆಯಿತು.

ಅವತ್ತೇ ಮೇಲೆ ಹೋದೆ. ಮಾಯ್‌ಳನ್ನು ನಡುವೆ ಕೂರಿಸಿಕೊಂಡು, ನಮ್ಮಲ್ಲಿ ಯಾರೂ ‘ಹೋಗ್ತೀನಿ’ ಎಂದು ಹೇಳಿ ಹೊರಡುವುದಿಲ್ಲ, ಅದು ಅಪಶಕುನ, ಎಲ್ಲರೂ ‘ಬರ್ತೀನಿ’ ಎಂದೇ ಹೇಳುವುದು ಎಂದು ಹೇಳಿದೆ. ಚಿಕ್ಕಂದಿನಲ್ಲಿ ಬಾಯಿ ತಪ್ಪಿ ಹೋಗ್ತೀನಿ ಎಂದರೆ ನಮ್ಮವ್ವ ಬಾಗಿಲಿನಿಂದ ಒಳಗೆ ಎಳೆದು ತಂದು, ಮಣೆಯ ಮೇಲೆ ಕೂಡಿಸಿ, ಒಂದು ಗುಟುಕು ನೀರು ಕುಡಿಸಿ, ‘ಹಂಗ ಅನಬಾರ್ದವಾ, ಬರತೀನಿ ಅನ್ನು’ ಎಂದು ಹೇಳಿಸಿಯೇ ಕಳಿಸುತ್ತಿದ್ದಳು. ಆ ‘ಬರತೀನಿ’ ಇವತ್ತಿನದೂ ಆಗಿರಬಹುದು, ಮುಂದಿನ ವರ್ಷದ್ದೂ ಆಗಿರಬಹುದು, ಯಾರೂ ಲೆಕ್ಕ ಇಡುವುದಿಲ್ಲ.

ನಿಯಾ ತಾಯ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಬಟ್ಟಲು ಒರೆಸುತ್ತ ನಾಲ್ಕು ಮಾತು ಹೇಳಿದರು. ಲಾವೋಸಿನಲ್ಲಿ ಯುದ್ಧ ಮುಗಿದು ಊರು ಬಿಟ್ಟು ಓಡುವಾಗ ದೊಡ್ಡ ನದಿ ದಾಟಬೇಕಿತ್ತು. ಅವರ ಅಕ್ಕ, ನೀನು ನಡಿ, ನಾನು ಬರುತ್ತೇನೆ ಎಂದಳು. ಆಚೆ ದಡದ ಶಿಬಿರದಲ್ಲಿ ನಿಯಾ ತಾಯ್ ಪ್ರತಿ ಸಂಜೆ ಅಕ್ಕನಿಗೊಂದು ಬಟ್ಟಲು ಇಟ್ಟು, ತಾವೂ ಉಣ್ಣದೆ ಕೂರುತ್ತಿದ್ದರು. ಗಂಡ ಬಯ್ದು ಬಿಡಿಸುವವರೆಗೆ ಅದು ನಡೆಯಿತು. ಇಷ್ಟನ್ನು ಹೇಳುವಾಗ ಮಾಯ್‌ಳ ದನಿ ಸಣ್ಣಗಾಯಿತು, ಅವರದು ಆಗಲಿಲ್ಲ.

ಇನ್ನು ಮುಂದೆ ಬರುವುದಾದರೆ ಗಂಟೆ ಹೇಳಿ ಬರುತ್ತೇನೆ, ಹೇಳಿದ ಮೇಲೆ ಬಂದೇ ಬರುತ್ತೇನೆ ಎಂದು ಮಾತು ಕೊಟ್ಟೆ. ಹ್ಮಾಂಗಿನಲ್ಲಿ ‘ನಾನು ಹೊರಟೆ’ ಎನ್ನಲು ಮೂರೇ ಪದ, ‘ಕೂ ಮೂ ಲ.’ ಒಂದನೇ ಇಯತ್ತೆಯ ಪಾಠದಷ್ಟು ಸುಲಭ. ಅದೊಂದನ್ನು ಮಾತ್ರ ನನಗೆ ಹೇಳಲಾಗಲಿಲ್ಲ. ಏಳುವ ಹೊತ್ತಿಗೆ ಅವರ ಕೈ ಒತ್ತಿ, ನಾಳೆ ಮೂರು, ನಾಳೆ ನಾಲ್ಕು ಎಂದು ಅಂಕಿ ಹೇಳಿ ಇಳಿಯುತ್ತಿದ್ದೆ.

ಎಜ್‌ವೇರ್

ಧಾರವಾಡದಲ್ಲಿ ನಾಲ್ಕು ಗಂಟೆ ಎಂದರೆ ಐದಕ್ಕೆ ಸೀರೆ ಉಡಲು ಶುರು ಮಾಡುವುದು. ನಾನು ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಗಡಿಯಾರ ನೋಡಿ ನಡೆಯತೊಡಗಿದೆ. ಪ್ರಸಾದ್ ಇದನ್ನು ಮೈಸೂರಿಗೆ ಫೋನು ಮಾಡಿ ಹೇಳಿದರು.

ಕೂಸಿಗೆ ಮೂರು ತಿಂಗಳಾದಾಗ ಎಜ್‌ವೇರಿನ ಒಂದು ಬಾಡಿಗೆ ಹಾಲಿನಲ್ಲಿ ಕನ್ನಡದವರ ಸಂಕ್ರಾಂತಿ ಊಟ. ಟ್ಯೂಬಿನಲ್ಲಿ ಎರಡೇ ಸ್ಟೇಷನ್ನು. ಸಂಜೆ ಐದಕ್ಕೆ ಬರುತ್ತೇನೆಂದು ನಿಯಾ ತಾಯ್‌ಗೆ ಹೇಳಿ ಹೋಗಿದ್ದೆ. ಊಟ ಮೂರೂವರೆಗೇ ಮುಗಿಯಿತು. ಮುಗಿಯದೇ ಹೋದದ್ದು ಬೀಳ್ಕೊಡುಗೆ. ಎಲೆಯ ಮುಂದಿನಿಂದ ಏಳುತ್ತ ‘ಬರ್ತೀವ್ರಿ’ ಎಂದೆವು. ಕೋಟು ಹುಡುಕುವಲ್ಲಿ ಒಮ್ಮೆ, ಬಾಗಿಲಲ್ಲಿ ಒಮ್ಮೆ, ಮೆಟ್ಟಿಲಿನಲ್ಲಿ ಬೆಳಗಾವಿಯವರು ಸಿಕ್ಕಿದ್ದರಿಂದ ಮತ್ತೊಮ್ಮೆ. ಬೆಂಗಳೂರಿನವರು ‘ಬರ್ತೀವಿ ಆಂಟಿ’ ಎಂದು ಹೇಳಿ ಕಾರಿನಲ್ಲಿ ಕುಳಿತು, ಗಾಜು ಇಳಿಸಿ, ಮತ್ತೆ ಅರ್ಧ ಗಂಟೆ ಮಾತಾಡಿದರು. ಅವರ ಹಿಂದಿನ ಸೀಟಿನ ಮಕ್ಕಳು, ಕನ್ನಡ ಅರ್ಥವಾಗಿಯೂ, ‘ಆರ್ ವಿ ಗೋಯಿಂಗ್ ಆರ್ ನಾಟ್?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾಗಿತ್ತು. ನನ್ನ ಗಡಿಯಾರದಲ್ಲಿ ಐದೂಕಾಲು.

ಮಗಳು-ಅಳಿಯ ಹಿಂದೆ ಬರಲಿ ಎಂದು ನಾನೊಬ್ಬಳೇ ಸ್ಟೇಷನ್ನಿಗೆ ಓಡಿದೆ. ಒಂಟಿಯಾಗಿ ಟ್ಯೂಬು ಹತ್ತಿದ್ದು ಅದೇ ಮೊದಲು. ರೇಷ್ಮೆ ಸೀರೆಯ ನಿರಿಗೆ ಕೈಯಲ್ಲಿ ಹಿಡಿದು ಕೊಲಿಂಡೇಲಿನ ಮೆಟ್ಟಿಲು ಹತ್ತುವಾಗ ಎದೆ ಹೊಡೆದುಕೊಳ್ಳುತ್ತಿತ್ತು. ತಡವಾದದ್ದಕ್ಕಲ್ಲ, ಆ ನದಿಯ ದಡದ ಬಟ್ಟಲು ಕಣ್ಣಿಗೆ ಕಟ್ಟಿತ್ತು.

ನಿಯಾ ತಾಯ್ ಕೆಳಗೆ, ಲಿಫ್ಟಿನ ಎದುರಿನ ಬೆಂಚಿನ ಮೇಲೆ ಕುಳಿತಿದ್ದರು. ತೊಡೆಯ ಮೇಲೆ ತಟ್ಟೆ ಮುಚ್ಚಿದ ಬಟ್ಟಲು. ನಾನು ಏದುಸಿರು ಬಿಡುತ್ತ ನಿಂತಾಗ ಅವರು ಬಯ್ಯಲಿಲ್ಲ. ಬಟ್ಟಲನ್ನು ನನ್ನ ಕೈಗಿಟ್ಟು, ಊಟವಾಯಿತೇ ಎಂದು ಕೇಳಿದರು. ಹೋಳಿಗೆ ಗಂಟಲ ತನಕ ಇತ್ತು. ಇಲ್ಲ ಎಂದು ಸುಳ್ಳು ಹೇಳಿ ಅಲ್ಲೇ ಕುಳಿತು ತಣ್ಣಗಾದ ಅನ್ನವನ್ನು ಪೂರ್ತಿ ಉಂಡೆ. ಉಣ್ಣುವಾಗಲೇ ಹೊಳೆದದ್ದು, ಇನ್ನು ಏಳು ವಾರಕ್ಕೆ ನನ್ನ ವೀಸಾ ಮುಗಿಯುತ್ತದೆ. ಅವತ್ತು ಇವರಿಗೆ ಏನು ಹೇಳಿ ಹೊರಡಲಿ? ಬರುತ್ತೇನೆ ಎಂದರೆ ಇವರು ಬಟ್ಟಲು ಇಟ್ಟು ಕೂರುತ್ತಾರೆ. ನಾನು ಮತ್ತೆ ಬರುತ್ತೇನೋ ಇಲ್ಲವೋ ನನಗೇ ಗೊತ್ತಿರಲಿಲ್ಲ.

ಹೊರಡುವ ದಿನ

ಕೊನೆಯ ವಾರವಿಡೀ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ‘ಕೂ ಮೂ ಲ’ ಅಭ್ಯಾಸ ಮಾಡಿದೆ. ಅವ್ವಾ, ಯಾರ ಜೋಡಿ ಮಾತಾಡಾಕತ್ತೀ ಎಂದು ಸುಧಾ ಹೊರಗಿನಿಂದ ಕೇಳಿದಳು. ಹುಟ್ಟಿದಾಗಿನಿಂದ ಯಾವ ಭಾಷೆಯಲ್ಲೂ ಹೇಳದ ಮಾತನ್ನು ಎಂಟು ಸ್ವರದ ಭಾಷೆಯಲ್ಲಿ ಹೇಳಲು ಕಲಿಯುತ್ತಿದ್ದೇನೆ ಎಂದು ಅವಳಿಗೆ ಹೇಗೆ ಹೇಳಲಿ?

ಕೆಳಗೆ ಪ್ರಸಾದ್ ಸೂಟ್‌ಕೇಸುಗಳನ್ನು ಕಾರಿಗೆ ತುಂಬುತ್ತಿದ್ದರು. ನಾನು ಮೇಲೆ ಹೋದೆ. ಮಾಯ್‌ಳ ಕೂಸು ನನ್ನ ಮೂಗಿನ ಉಸಿರಿಗೆ ಕೊನೆಯ ಬಾರಿ ನಕ್ಕಿತು. ನಿಯಾ ತಾಯ್ ತಾವೇ ಕಸೂತಿ ಹಾಕಿದ ಅಂಗೈಯಗಲದ ಬಟ್ಟೆಯೊಂದನ್ನು ನನ್ನ ಕೈಯಲ್ಲಿಟ್ಟರು. ನಾನು ನಿಂತು, ಏರಿಳಿತ ತಪ್ಪದಂತೆ, ಸ್ಪಷ್ಟವಾಗಿ ಹೇಳಿದೆ. ‘ಕೂ ಮೂ ಲ.’ ನಾನು ಹೊರಟೆ.

ನಾನು ಹೊರಬಂದು ಚಪ್ಪಲಿಯಲ್ಲಿ ಕಾಲಿಟ್ಟೆ. ಅಷ್ಟರಲ್ಲಿ ನಿಯಾ ತಾಯ್ ಹಿಂದಿನಿಂದ ಬಂದು ಮುಂಗೈ ಹಿಡಿದರು. ಆ ಪುಟ್ಟ ದೇಹದಲ್ಲಿ ಅಷ್ಟು ಕಸುವು ಎಲ್ಲಿತ್ತೋ, ಒಂದೇ ಎಳೆತಕ್ಕೆ ನಾನು ಒಳಗಿದ್ದೆ. ಸ್ಟೂಲಿನ ಮೇಲೆ ಕೂಡಿಸಿದರು. ಅಡಿಗೆಮನೆಗೆ ಹೋಗಿ ಬಿಸಿನೀರು ತಂದು ಬಾಯಿಗೆ ಹಿಡಿದರು. ನಾನು ಒಂದು ಗುಟುಕು ಕುಡಿಯುವ ತನಕ ಎದುರಿಗೆ ನಿಂತೇ ಇದ್ದರು. ಆಮೇಲೆ ಗದ್ದದ ಕೆಳಗೆ ಬೆರಳಿಟ್ಟು ಎತ್ತಿದರು.

‘ಬರತೀನಿ’ ಎಂದರು.

ಕನ್ನಡಕ್ಕೆ ಬೇಡದ ಕಡೆ ಏರಿಸಿ, ಬೇಡದ ಕಡೆ ಇಳಿಸಿ ಹೇಳಿದ ಆ ಮಾತನ್ನು ಮಾಯ್ ಅವರಿಗೆ ಕಲಿಸಿರಲಿಕ್ಕಿಲ್ಲ. ಕೆಳಗಿಳಿದು ಹೋಗಿ ಸುಧಾಳಿಂದ ಕಲಿತು ಬಂದಿದ್ದರು ಎಂದು ಆಮೇಲೆ ತಿಳಿಯಿತು. ನನಗೆ ಅಳು ಬಂತು, ತಡೆಯಲಿಲ್ಲ. ಬೆರಳು ಗದ್ದ ಬಿಟ್ಟು ಕದಲಲಿಲ್ಲ. ‘ಹೋಗಿ ಬರತೀನ್ರಿ’ ಎಂದೆ. ಆಗ ಬಿಟ್ಟರು.

ಕೆಳಗಿನಿಂದ ಹಾರ್ನ್ ಕೇಳಿಸಿತು. ಬಾಗಿಲಲ್ಲಿ ನಿಂತು, ನನಗೆ ಬರುವ ಅರ್ಧ ಹ್ಮಾಂಗಿಗೆ ಕೈಸನ್ನೆ ಸೇರಿಸಿ, ಬಟ್ಟಲು ಇಡಬೇಡಿ ಎಂದು ಬೇಡಿಕೊಂಡೆ. ನಿಯಾ ತಾಯ್ ಅಡಿಗೆಮನೆಯ ಕಡೆ ಒಮ್ಮೆ ನೋಡಿ ಏನೋ ಹೇಳಿದರು. ಮಾಯ್ ಅನುವಾದಿಸಲು ಬಾಯಿ ತೆರೆದಳು. ನಾನು ಬೇಡವೆಂದು ಕೈ ಅಡ್ಡ ಹಿಡಿದೆ. ಐದು ತಿಂಗಳಲ್ಲಿ ಮೊದಲ ಬಾರಿಗೆ, ಪಾಠದಲ್ಲಿಲ್ಲದ ಒಂದು ಮಾತು ಪೂರ್ತಿಯಾಗಿ, ಯಾರ ಸಹಾಯವೂ ಇಲ್ಲದೆ ನನಗೆ ತಿಳಿದಿತ್ತು.

ಬಟ್ಟಲು ಇಡುತ್ತೇನೆ, ಎಂದಿದ್ದರು. ಇಟ್ಟು, ಕಾಯದೆ ನಾನು ಉಣ್ಣುತ್ತೇನೆ.